ಕೊರ್ಡೆಲ್ ಮೂಟೋನ್‌ನ ಎಡಗಣ್ಣು

ಕೊರ್ಡೆಲ್ ಮೂಟೋನ್‌ನ ಎಡಗಣ್ಣು ಮಂಜಾಗಿದೆ ಎಂಬುದು ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ, ಲೂಯಿಸಿಯಾನಾದ ಕಬ್ಬಿನ ಸೀಮೆಯಲ್ಲಿ ಅವನನ್ನು ಸಾಕಿ ಬೆಳೆಸಿದ ಅಕ್ಕ ವಿಯೋಲಾ. ರಜೆಗೆ ಬಂದವನು ಸೌಟನ್ನು ಬಟ್ಟಲಿನ ಪಕ್ಕಕ್ಕೆ ಬಗ್ಗಿಸಿ ಸೀಗಡಿ ಸಾರನ್ನೆಲ್ಲ ಮೇಜಿನ ಮೇಲೆ ಸುರಿದಾಗ, ಅವಳು ಎದ್ದು ಬಂದು ಅವನ ಬಲಗಣ್ಣಿಗೆ ಅಂಗೈ ಮುಚ್ಚಿದಳು.

"ಇದೆಷ್ಟು ಬೆರಳು, ಹೇಳೋ."

ಅವನಿಗೆ ಹೇಳಲಾಗಲಿಲ್ಲ. ಯಾರಿಗೂ ಬಾಯಿ ಬಿಡಬೇಡ ಎಂದು ಕೇಳಿಕೊಂಡ.

ಅಮೆರಿಕನ್ ಫುಟ್‌ಬಾಲಿನಲ್ಲಿ ಓಡುತ್ತ ಓಡುತ್ತಲೇ ಚೆಂಡು ಹಿಡಿಯುವ ರಿಸೀವರ್ ಕೆಲಸದಲ್ಲಿ ಅವನಿಗೆ ಒಂಬತ್ತು ವರ್ಷ ತುಂಬಿತ್ತು. ಕಾಲೇಜು ಮುಗಿಸಿದಾಗ ಆಟಗಾರರ ಆಯ್ಕೆಯಲ್ಲಿ ಯಾವ ತಂಡವೂ ಅವನ ಹೆಸರು ಕೂಗಿರಲಿಲ್ಲ. ಮೂರು ತಂಡಗಳು ಕೈಬಿಟ್ಟ ಮೇಲೆ ನಾಲ್ಕನೆಯದರಲ್ಲಿ ಕಾಲೂರಿದ್ದ. ಹಿಂದಿನ ಡಿಸೆಂಬರಿನಲ್ಲಿ ಎದುರಾಳಿಯೊಬ್ಬನ ಹೆಬ್ಬೆರಳು ಹೆಲ್ಮೆಟ್ಟಿನ ಸರಳುಗಳ ನಡುವೆ ನುಗ್ಗಿ ಕಣ್ಣಿಗೆ ಚುಚ್ಚಿತ್ತು. ತಂಡದ ವೈದ್ಯರು ಓದಿಸುವ ಅಕ್ಷರಗಳನ್ನು ಬಾಯಿಪಾಠ ಮಾಡಿ ಪಾರಾಗಿದ್ದ. ಮೈದಾನದ ಎಡಪಕ್ಕದಲ್ಲೇ ನಿಂತರೆ ಚೆಂಡು ಬಲಭುಜದ ಕಡೆಯಿಂದ ಬರುತ್ತದೆ. ಏನೋ ನೆಪ ಹೇಳಿ ಅಲ್ಲೇ ನಿಲ್ಲುತ್ತಿದ್ದ.

ಆಗಸ್ಟಿನ ಕೊನೆಯ ಅಭ್ಯಾಸ ಪಂದ್ಯ. ಮರುದಿನ ಮಧ್ಯಾಹ್ನದೊಳಗೆ ಉಳಿಯುವವರ ಪಟ್ಟಿ ಹೊರಬೀಳಲಿತ್ತು. ಆಟ ಶುರುವಾಗುವ ಹೊತ್ತಿಗೆ ತರಬೇತುದಾರ ಹ್ಯಾಸ್ಕ್ಯೂ ಅವನನ್ನು ಕರೆದು, ಇವತ್ತು ನೀನು ಬಲಪಕ್ಕ, ಎಡಕ್ಕೆ ಜ್ಯಾರಿಕ್ ನಿಲ್ಲಲಿ ಎಂದ. ಜ್ಯಾರಿಕ್ ಆ ವರ್ಷವಷ್ಟೇ ಸೇರಿದ್ದ ಆಟಗಾರ. ಕೊರ್ಡೆಲ್ ತಲೆಯಾಡಿಸಿದ. ಕೈಗವಸು ಬಿಗಿದುಕೊಂಡು ಬಲಪಕ್ಕಕ್ಕೆ ನಡೆದ.

ಮೊದಲ ಎಸೆತ ಅವನಿಗೇ ಬಂತು. ಚೆಂಡು ಎಲ್ಲಿದೆಯೋ ಕಾಣಲಿಲ್ಲ. ಎದುರಿಗೆ ಹಿಮ್ಮುಖವಾಗಿ ಓಡುತ್ತ ಅವನನ್ನು ಕಾಯುತ್ತಿದ್ದ ಎದುರಾಳಿಯ ಕಣ್ಣು ಮಾತ್ರ ತಟ್ಟನೆ ಮೇಲೆದ್ದಿತು. ಆ ನೋಟ ಹೋದ ಕಡೆಗೆ ಕೊರ್ಡೆಲ್ ಕೈ ಚಾಚಿದ. ಚೆಂಡು ಬಂದು ಅಂಗೈಗೆ ಅಪ್ಪಳಿಸಿತು. ಜನ ಎದ್ದು ನಿಂತರು.

ಮೂರನೆಯ ಎಸೆತದಲ್ಲಿ ಇಬ್ಬರೂ ಎರಡು ಅಂಚುಗಳಿಂದ ಒಳಕ್ಕೆ ಓಡಿ ನಡುವೆ ಅಡ್ಡಹಾಯಬೇಕಿತ್ತು. ಜ್ಯಾರಿಕ್‌ಗೆ ದಾರಿ ಬಿಟ್ಟು ಕೊರ್ಡೆಲ್ ಅವನ ಹಿಂದಿನಿಂದ ಹೋಗಬೇಕು. ಎಡದಿಂದ ಬಂದ ಜ್ಯಾರಿಕ್ ಅವನಿಗೆ ಕಾಣಲೇ ಇಲ್ಲ. ಡಿಕ್ಕಿಯ ಸದ್ದು ಕೇಳಿತು, ಹುಲ್ಲು ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಜ್ಯಾರಿಕ್ ಮಂಡಿ ಹಿಡಿದು ಹೊರಳುತ್ತಿದ್ದ.

ಗೆರೆಯಾಚೆಯ ಬೆಂಚಿನಲ್ಲಿ ಮಂಡಿಗೆ ಮಂಜುಗಡ್ಡೆ ಕಟ್ಟುತ್ತಿದ್ದಾಗಲೇ ಹ್ಯಾಸ್ಕ್ಯೂ ಜ್ಯಾರಿಕ್ ಮೇಲೆ ಹರಿಹಾಯ್ದ. ಓಡುವ ದಾರಿಯೇ ಗೊತ್ತಿಲ್ಲದವನನ್ನು ಇಟ್ಟುಕೊಂಡು ನಾನೇನು ಮಾಡಲಿ ಎಂದ. ಜ್ಯಾರಿಕ್ ತಲೆ ತಗ್ಗಿಸಿದ.

"ತಪ್ಪು ನಂದೇ ಅಣ್ಣ," ಎಂದ ಅವನು, ಕೊರ್ಡೆಲ್ ಕಡೆ ತಿರುಗಿ. "ನಾನೇ ಬೇಗ ಒಳಗ್ ಬಂದ್ಬಿಟ್ಟೆ ಅನ್ಸುತ್ತೆ."

ಸುಮ್ಮನಿದ್ದರೆ ಸಾಕಿತ್ತು. ಆ ಮೊದಲ ಹಿಡಿತವೊಂದೇ ಕೊರ್ಡೆಲ್‌ನ ಹೆಸರನ್ನು ಪಟ್ಟಿಯಲ್ಲಿ ಉಳಿಸುತ್ತಿತ್ತು. ಅವನು ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟ.

"ಇವನು ಸರಿಯಾಗೇ ಓಡ್ದ, ಕೋಚ್. ನಂಗೆ ಕಾಣ್ಲಿಲ್ಲ. ಎಡಗಣ್ಣು ಡಿಸೆಂಬರಿಂದಾನೇ ಹೋಗಿದೆ."

"ಯಾರನ್ನಾದ್ರೂ ಸಾಯಿಸ್ತಿದ್ದೆಯಲ್ಲೋ," ಎಂದ ಹ್ಯಾಸ್ಕ್ಯೂ ಮೆಲ್ಲಗೆ.

"ಹೌದು, ಕೋಚ್."

ಮರುದಿನ ಕೊರ್ಡೆಲ್‌ನನ್ನು ತಂಡದಿಂದ ಕೈಬಿಟ್ಟರು. ಜ್ಯಾರಿಕ್ ಉಳಿದ, ಆರು ವಾರ ಕುಂಟಿ ಮತ್ತೆ ಮೈದಾನಕ್ಕಿಳಿದ. ಕೊರ್ಡೆಲ್‌ನ ಕಣ್ಣಿನ ಶಸ್ತ್ರಚಿಕಿತ್ಸೆ ತಡವಾಯಿತು ಎಂದರು ವೈದ್ಯರು; ಬೆಳಕು ಕತ್ತಲೆ ಗುರುತಾಗುವಷ್ಟು ಮಾತ್ರ ಉಳಿಯಿತು. ಆ ಇಡೀ ಚಳಿಗಾಲ ಅವನು ಪಂದ್ಯಗಳ ದಿನವಾದ ಭಾನುವಾರ ಬಂದರೆ ಟಿವಿ ಆರಿಸಿ ಅಕ್ಕನ ಹಿತ್ತಲಿನ ಬೇಲಿ ರಿಪೇರಿಗೆ ಕೂರುತ್ತಿದ್ದ, ರಿಪೇರಿ ಬೇಕಿಲ್ಲದಿದ್ದರೂ. ಮರುವರ್ಷ ಊರಿನ ಶಾಲೆಯವರು ಮಕ್ಕಳಿಗೆ ಆಟ ಕಲಿಸಲು ಕರೆದಾಗ, ಎರಡು ಸಲ ಒಲ್ಲೆನೆಂದು, ಮೂರನೆಯ ಸಲ ಹೋದ.