ತಿಕ್ಕಿ ತೊಳೆದ ಮಚ್ಚೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆಯ ಪ್ರಯೋಗಾಲಯ ನನ್ನ ಪಾಲಿಗಿತ್ತು. ಪ್ರಯೋಗಾಲಯವೆಂದರೆ ಒಂದು ಕಿಟಕಿ, ಒಂದು ಮೇಜು, ಒಂದು ಸೂಕ್ಷ್ಮದರ್ಶಕ. ರಕ್ತ, ಕಫ, ಮಲ, ಮೂತ್ರ ಎಲ್ಲಕ್ಕೂ ನಾನೊಬ್ಬನೇ. ಮಳೆಗಾಲ ಬಂತೆಂದರೆ ಮಿಲ್ಲಿನ ಕೆಲಸಗಾರರು ಕೊಳೆತ ಬೆರಳಸಂದು ತೋರಿಸಲು ಸಾಲುಗಟ್ಟುತ್ತಿದ್ದರು. ಕೆರೆದು ತೆಗೆದ ಹೊಟ್ಟನ್ನು ಗಾಜಿನ ಮೇಲಿಟ್ಟು, ಕ್ಷಾರದ ಹನಿ ಹಾಕಿ, ಅದು ಕರಗುವವರೆಗೆ ಕಾದು, ಬೂಸ್ಟಿನ ಎಳೆ ಹುಡುಕುತ್ತ ಕೂತರೆ ಕಣ್ಣು ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಸಾಕುಸಾಕಾಗಿ ರೋಗಿಗಳ ಮುಖ ನೋಡುವುದನ್ನೂ ಬಿಟ್ಟಿದ್ದೆ.

ಮೋಡ ಕವಿದ ಒಂದು ಸಂಜೆ, ಮಿಲ್ಲಿನಲ್ಲಿದ್ದ ಒಬ್ಬಾತ ಇಂದೂರು ಎಂಬ ಹಳ್ಳಿಯಿಂದ ತಂಗಿಯನ್ನು ಕರೆತಂದ. ಅವಳ ಮೊಣಕೈ ಮೇಲೊಂದು ಮಚ್ಚೆ. ಕುಷ್ಠವೆಂದು ಹೆದರಿದ ಅತ್ತೆಮನೆಯವರು ಐದು ತಿಂಗಳ ಕೂಸನ್ನು ಕಿತ್ತುಕೊಂಡು ಅವಳನ್ನು ಕೊಟ್ಟಿಗೆಗೆ ಹಾಕಿದ್ದರಂತೆ. ಡಾಕ್ಟರು ಸೂಜಿ ಚುಚ್ಚಿ, ನೋವು ತಿಳಿಯುವುದನ್ನು ನೋಡಿ, ಕುಷ್ಠವಲ್ಲ, ಬೂಸ್ಟಿನಿಂದಾದ ಗಜಕರ್ಣವೇ ಎಂದಿದ್ದರು. ಬಾಯಿಮಾತು ಸಾಲದು, ಪರೀಕ್ಷೆಯ ಕಾಗದ ತಂದರೆ ಮಾತ್ರ ಕೂಸು ಎಂದು ಅತ್ತೆಯ ಹಟ.

ಕೆರೆದೆ. ಹೊಟ್ಟು ಸಿಗಲೇ ಇಲ್ಲವೆನ್ನಬೇಕು. ನೋಡಿದ ಶಾಸ್ತ್ರ ಮಾಡಿ, 'ಬೂಸ್ಟು ಕಂಡಿಲ್ಲ' ಎಂದು ಬರೆದು ಕಿಟಕಿ ಹಾಕಿಕೊಂಡು ಮನೆಗೆ ಹೋದೆ.

ಹತ್ತು ದಿನ ಬಿಟ್ಟು ಅಣ್ಣ ಅವಳನ್ನು ಮತ್ತೆ ಕರೆತಂದ. ಬೂಸ್ಟಿಲ್ಲವೆಂದರೆ ಕುಷ್ಠವೇ ಎಂದು ಅತ್ತೆ ಕೂಸು ಕೊಟ್ಟಿರಲಿಲ್ಲವಂತೆ. ಅವಳ ಕೂದಲು ಗಂಟುಗಟ್ಟಿತ್ತು, ಮಚ್ಚೆಯ ಅಂಚಿನ ತುಂಬ ಹೊಟ್ಟು.

"ಅವತ್ತ ಇಷ್ಟ ಹೊಟ್ಟ ಇರಲಿಲ್ಲಲ್ಲ?" ಎಂದೆ.

"ದವಾಖಾನಿಗೆ ಹೊಲಸ ಮೈಲೆ ಹೆಂಗ ಬರೂದ್ರಿ? ಕಲ್ಲಿಲೆ ತಿಕ್ಕಿ, ಜಳಕಾ ಮಾಡಿ, ವಿಭೂತಿ ಹಚ್ಚಿಕೊಂಡ ಬಂದಿದ್ನಿ. ಈ ಸಲ ಮನಸಾಗಲಿಲ್ಲ."

ನಮ್ಮ ಕಡೆ ಡಾಕ್ಟರ ಮುಂದೆ ಕೂರುವುದೂ ದೇವರ ಮುಂದೆ ಕೂತ ಹಾಗೆಯೇ. ನಾನು ಹುಡುಕಿದ್ದೆಲ್ಲ ಅಂದು ಬೆಳಿಗ್ಗೆಯೇ ಬಚ್ಚಲಿಗೆ ಹೋಗಿತ್ತು. ತಪ್ಪು ಅವಳದಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲು ನನಗೆ ಬೇಸರವಾಗಿತ್ತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಅರ್ಧ ಗಂಟೆಯೊಳಗೆ ಎಳೆಗಳು ಸ್ಪಷ್ಟವಾಗಿ ಕಂಡವು. ದೊಡ್ಡ ಅಕ್ಷರದಲ್ಲಿ ಬರೆದು, ಡಾಕ್ಟರ ಸಹಿ ಹಾಕಿಸಿ, ನಾನೇ ಹೊರಗೆ ಬಂದು ಕೊಟ್ಟೆ.

"ಇನ್ನ ಚಿಂತಿ ಇಲ್ಲವಾ. ಮುಲಾಮ ಹಚ್ಚು. ಹೋಗಿ ಕೂಸಿಗೆ ಹಾಲ ಕುಡಸು."

ಅವಳು ಕಾಗದವನ್ನು ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹಾಲ ಮೊನ್ನೆನ ಬತ್ತಿ ಹೋತ್ರಿ," ಎಂದಳು.