ಅಜ್ಜಿಯ ಪದ, ನನ್ನ ಕತ್ತರಿ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಅದು ನಿಮ್ಮ ತಪ್ಪಲ್ಲ. ನಾನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳಬೇಕು ಎಂದು ಮಧುವನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಬಾಯಿ ತೆರೆದರೆ ಹನೂರಿನಲ್ಲಿ ಇಳಿಯುವವರೆಗೆ ಮುಚ್ಚದ ಹುಡುಗ ನಾನು. ಅಂಥವನು ಹೋದ ವರ್ಷ ಒಂದು ವಾರ ಬಸ್ಸಿನಲ್ಲಿ ಬಾಯಿಯೇ ಬಿಡಲಿಲ್ಲ. ಕಾರಣ, ಎರಡು ವೀಳ್ಯದೆಲೆ. ಇದರಲ್ಲಿ ಮಾತ್ರ ಏನನ್ನೂ ಕಳೆಯಬೇಡಿ.

ಅದು ನೆನಪಾದದ್ದು ಈಗ ತಾನೇ. ಚಿಕ್ಕಪ್ಪನ ಮಗಳನ್ನು ಯಳಂದೂರಿಗೆ ಕೊಟ್ಟಿದ್ದೇವೆ; ನಾಳೆ ಅಲ್ಲಿ ಬೀಗರ ಊಟ. ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟನ್ನು ತಂದು ನನ್ನ ಭೌತಶಾಸ್ತ್ರದ ಪುಸ್ತಕದ ಮೇಲಿಟ್ಟು ಹೋದಳು. ಈ ಮನೆಯಲ್ಲಿ ಸರಿಯಾಗಿ ತಿರುಗುವ ಫ್ಯಾನು ಇದೊಂದೇ. ಅದನ್ನು ನನಗೋಸ್ಕರ ಹಾಕಿಸಿದ್ದು ಎಂದು ಇಷ್ಟು ದಿನ ತಿಳಿದಿದ್ದೆ. ಫ್ಯಾನಿನ ಗಾಳಿಗೆ ಎಲೆಯ ಹಸಿ ಖಾರದ ವಾಸನೆ ಕೋಣೆ ತುಂಬಿತು, ನಾನು ಪುಸ್ತಕ ಸರಿಸಿ ಇದನ್ನು ಬರೆಯಲು ಕೂತೆ.

ಅಜ್ಜಿಯ ವಿಷಯ ಮೊದಲು ಹೇಳಬೇಕು. ಚಿಕ್ಕತಾಯಮ್ಮ ಎಂದು ಹೆಸರು, ಅಪ್ಪನ ತಾಯಿ. ಎತ್ತರದಲ್ಲಿ ನಮ್ಮ ರಾಗಿ ಹಿಟ್ಟಿನ ಡ್ರಮ್ಮಿಗಿಂತ ನಾಲ್ಕು ಬೆರಳು ಹೆಚ್ಚು, ದನಿಯಲ್ಲಿ ಮೂರು ಊರಿಗೆ ಸಾಕು. ಮದುವೆಯಾದ ಮೇಲೆ ಗಂಡು ಹೆಣ್ಣು ಎರಡೂ ಕಡೆಯವರು ಕೂತು ಬಾಡೂಟ ಉಣ್ಣುವ ದಿನ, ಎದುರು ಕಡೆಯ ಬೀಗಿತಿಯನ್ನು ಪದ ಕಟ್ಟಿ ಆಡಿಕೊಳ್ಳುವುದು ನಮ್ಮಲ್ಲಿ ರೂಢಿ. ಪದ ಎಂದರೆ ಹಾಡು. ಅಜ್ಜಿ ಮೊದಲು ಆಸಾಮಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಾಳೆ. ಆಮೇಲೆ ಮೂರು ಸಲ ಕೆಮ್ಮುತ್ತಾಳೆ. ಆ ಮೂರನೆಯ ಕೆಮ್ಮು ಕೇಳಿದ ಒಬ್ಬ ನಿವೃತ್ತ ಪೊಲೀಸ್ ಪೇದೆ, ಕೈ ತೊಳೆದು ಬರುತ್ತೇನೆ ಎಂದು ಎದ್ದವನು ಮೈಲಿಗಟ್ಟಲೆ ದೂರದ ಬಂಡಳ್ಳಿಯ ತನಕ ಹೋಗಿಬಿಟ್ಟನಂತೆ. ಬೇಕಾದರೆ ಇದರಲ್ಲಿ ಅರ್ಧ ಕಳೆಯಿರಿ.

ಆದರೆ ಅಜ್ಜಿಗೆ ಕಟ್ಟಳೆಗಳಿದ್ದವು. ಎದುರಿಗೆ ಕೂತವರನ್ನು ಮಾತ್ರ ಆಡಿಕೊಳ್ಳಬೇಕು. ಬಡತನ, ಮಕ್ಕಳಿಲ್ಲದ್ದು, ಗಂಡ ಸತ್ತದ್ದು, ಕೈಕಾಲಿನ ಊನ, ಇವು ಯಾವುವೂ ಪದದೊಳಗೆ ಬರಕೂಡದು. ಆಡಿಸಿಕೊಂಡವರಿಗೆ ತಿರುಗಿ ಹಾಡುವ ಹಕ್ಕಿದೆ. ಸಾಕು ಅನ್ನಿಸಿದ ಗಳಿಗೆಯಲ್ಲಿ ಅವರು ಎರಡು ವೀಳ್ಯದೆಲೆಯನ್ನು ಮುಂದೆ ಹಿಡಿದರೆ ಮುಗಿಯಿತು. ಅರ್ಧ ಸಾಲು ಬಾಯಲ್ಲಿದ್ದರೂ ಅಜ್ಜಿ ಅದನ್ನು ನುಂಗಿಕೊಂಡು ಎಲೆ ಈಸಿಕೊಳ್ಳುತ್ತಾಳೆ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ. ಬರೆದಿದ್ದರೂ ಅಜ್ಜಿಗೆ ಓದಲು ಬರುವುದಿಲ್ಲ.

ಹೋದ ವರ್ಷ ನಮ್ಮ ಸುಧಕ್ಕನ ಮದುವೆಯಾಗಿ, ಕೌದಳ್ಳಿಯಿಂದ ಬೀಗರು ಒಂದು ಟೆಂಪೋ ತುಂಬ ನಮ್ಮ ಮನೆಗೆ ಬಂದರು. ಅಕ್ಕನ ಅತ್ತೆ ರತ್ನಮ್ಮ ದೊಡ್ಡ ಆಳು. ಅವರು ಇಳಿದ ಮೇಲೆ ಟೆಂಪೋ ಅರ್ಧ ಅಡಿ ಮೇಲೆದ್ದಿತು. ಊಟದ ನಡುವೆ ಅಜ್ಜಿ ನೋಡಿದಳು, ಕೆಮ್ಮಿದಳು, ಶುರು ಮಾಡಿದಳು:

"ಬೀಗಿತಿ ಬಂದ್ಲು ಬಾಗ್ಲು ಸಾಲ್ದು, ಗ್ವಾಡೆ ಒಡೀರಪ್ಪೋ,
ಮುದ್ದೆ ಕಟ್ಟಿ ಕೈ ನೊಂದೋದೊ, ಒಲೆಯ ಆರ್ಸೀರಪ್ಪೋ!"

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ರತ್ನಮ್ಮ ಬಾಯಲ್ಲಿದ್ದ ಮೂಳೆಯನ್ನು ನಿಧಾನವಾಗಿ ಎಲೆಯ ಬದಿಗಿಟ್ಟರು. ಅಜ್ಜಿಯ ಬಾಯಲ್ಲಿ ಉಳಿದಿದ್ದ ಎರಡೇ ಹಲ್ಲುಗಳ ಕಡೆ ಬೆರಳು ತೋರಿಸಿ ಅವರೂ ಎತ್ತಿಕೊಂಡರು:

"ಆಡೋ ಬಾಯ್ಲಿ ಎರಡೇ ಅಲ್ಲು, ಗಾಳಿಗ್ ಅಲ್ಲಾಡ್ತವೆ,
ಸಾರಿಗ್ ಬಿದ್ರೆ ಮೂಳೆ ಅಂತ ಬೀಗ್ರು ಚೀಪ್ಬುಡ್ತರೆ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಅಜ್ಜಿ. ರತ್ನಮ್ಮ ಎದ್ದು ಬಂದು ಎಲೆ ಕೊಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ಸವರಿ ನೆಟಿಗೆ ಮುರಿದರು. ಅಲ್ಲಿಗೆ ನಮ್ಮ ಅಕ್ಕ ನಿಜವಾಗಿ ಆ ಮನೆಗೆ ಸೇರಿದಳು ಎಂದು ಅವ್ವ ಕಣ್ಣೊರೆಸಿಕೊಂಡಳು.

ಇದೆಲ್ಲವೂ ನನ್ನ ಫೋನಿನಲ್ಲಿತ್ತು. ಒಟ್ಟು ನಾಲ್ಕು ನಿಮಿಷ. ನಾಲ್ಕು ನಿಮಿಷ ಯಾರು ನೋಡುತ್ತಾರೆ? ನಾನೊಬ್ಬ ದೊಡ್ಡ ಎಡಿಟರ್ ಎಂಬ ಭ್ರಮೆ ಬೇರೆ. ಅಜ್ಜಿಯ ಎರಡು ಸಾಲು, ರತ್ನಮ್ಮನವರ ಮುಖ, ಪಂಕ್ತಿಯ ನಗು, ಇಷ್ಟನ್ನು ಮೂವತ್ತು ಸೆಕೆಂಡಿಗೆ ಇಳಿಸಿ, ಹಿಂದೆ ಒಂದು ತಮಟೆ ಸದ್ದು ಸೇರಿಸಿ ರೀಲ್ ಹಾಕಿದೆ. ತಿರುಗಿ ಹಾಡಿದ್ದು ಹೋಯಿತು. ಎಲೆ ಹೋಯಿತು.

ಮೊದಲ ದಿನ ನಾನು ಕೊಳ್ಳೇಗಾಲದ ರಾಜ. ಎರಡನೆಯ ದಿನ, ಎಲ್ಲಿಯವರೋ, ಮುಖದ ಬದಲು ಹೂವಿನ ಚಿತ್ರ ಹಾಕಿಕೊಂಡವರು ಬರೆದರು: "ಒಬ್ಬ ಹೆಂಗಸಿನ ದೇಹವನ್ನು ಹೀಗೆ ಅವಮಾನಿಸುವುದು ನಿಮ್ಮ ಸಂಸ್ಕೃತಿಯೇ?" ಅದರ ಕೆಳಗೆ ನೂರು ಜನ ಹೌದೆಂದರು. ಯಾರೋ ನನ್ನ ಕಾಲೇಜು ಯಾವುದೆಂದು ಕೇಳಿದರು. ಇನ್ಯಾರೋ ಹೇಳಿಯೂ ಬಿಟ್ಟರು. ನಾನು ಅಳಿಸುವಷ್ಟರಲ್ಲಿ ಅದು ನೂರು ಫೋನುಗಳಲ್ಲಿ ಕೂತಿತ್ತು.

ಗೆಳೆಯ ಮಾದೇಶ ಓಡಿ ಬಂದ. "ಲೇ, ಕೇಸಾಯ್ತದೆ ಕಣ್ಲಾ."

"ಯಾರ ಮ್ಯಾಲೆ?"

"ಆಡಿದ್ದು ನಿಮ್ಮಜ್ಜಿ ತಾನೆ? ಜೀಪಲ್ಲಿ ಕೂರ್ಸ್ಕಂಡ್ ಓಯ್ತರೆ."

ಅಜ್ಜಿಯನ್ನು ಜೀಪಿಗೆ ಹತ್ತಿಸಲು ಇಬ್ಬರು ಪೇದೆಗಳು, ಒಂದು ಸ್ಟೂಲು ಬೇಕಾಗುತ್ತದೆ ಎಂದು ನಾನು ತಮಾಷೆ ಮಾಡಿದೆ. ಮಾದೇಶ ನಗಲಿಲ್ಲ. ಅಂದಿನಿಂದ ಅವನು ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದನ್ನೂ ಬಿಟ್ಟ. ನಮ್ಮ ಬೀದಿಯಲ್ಲಿ ಯಾವ ಗಾಡಿ ನಿಂತರೂ ನಾನು ಹಿತ್ತಲಲ್ಲಿರುತ್ತಿದ್ದೆ. ಒಂದು ದಿನ ಹಾಲಿನ ವ್ಯಾನಿಗೆ ಹೆದರಿ ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆಯ ತಟ್ಟಿಯ ಹಿಂದೆ ಅರ್ಧ ಗಂಟೆ ನಿಂತಿದ್ದೆ. ಹುಳುಗಳು ತಮ್ಮ ಪಾಡಿಗೆ ನೂಲು ಸುತ್ತಿಕೊಳ್ಳುತ್ತಿದ್ದವು. ನನ್ನನ್ನೂ ಸುತ್ತಿಬಿಟ್ಟಿದ್ದರೆ ಚೆನ್ನಾಗಿತ್ತು.

ಮೂರನೆಯ ದಿನ ಕಾಲೇಜಿನಲ್ಲಿ ಕರೆ ಬಂತು. ಹೊಸದಾಗಿ ಒಂದು ನಡವಳಿಕೆ ಸಮಿತಿ ಮಾಡಿದ್ದರು. ಆಡಬಾರದ ಮಾತುಗಳ ಪಟ್ಟಿಯೊಂದು ಗೋಡೆಗೆ ಅಂಟಿತ್ತು. ನಿಜ ಹೇಳುತ್ತೇನೆ, ಅದರಲ್ಲಿ ಅರ್ಧ ಮಾತನ್ನು ನಮ್ಮಜ್ಜಿಯೂ ಆಡುವುದಿಲ್ಲ. ಸಮಿತಿಯ ಮೇಡಂ ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು. ನೀರು ಕೊಟ್ಟರು, ಕೂರಿಸಿದರು, ಮೆಲ್ಲಗೆ ಮಾತಾಡಿದರು. ಅದಕ್ಕೆ ನನಗೆ ಅಭ್ಯಾಸವಿರಲಿಲ್ಲ.

ಹಿಂದಿನ ದಿನವಷ್ಟೇ ಅಕ್ಕ ಕೌದಳ್ಳಿಯಿಂದ ಫೋನ್ ಮಾಡಿದ್ದಳು. "ನಮ್ಮತ್ತೆ ಬಾಳ ಕ್ವಾಪದಲ್ಲವ್ರೆ ಕಣ್ಲಾ" ಎಂದಾಗ ನನ್ನ ಜೀವವೇ ಹೋಗಿತ್ತು. "ನಾನ್ ಆಡಿದ್ದ ಯಾಕ್ ಕಿತ್ತಾಕ್ದ ಅವ್ನು, ನನ್ ಪದ ಚೆಂದಾಗಿರ್ನಿಲ್ವಾ ಅಂತ ಕೇಳ್ತವ್ರೆ." ಇದನ್ನೇ ಆಧಾರವಾಗಿ ಹಿಡಿದು ಮೇಡಂಗೆ ಹೇಳಿದೆ. "ಅವರಿಗೆ ನೋವಾಗಿಲ್ಲ ಮೇಡಂ. ಅವರೂ ಅಜ್ಜಿಯ ಹಲ್ಲಿನ ಮೇಲೆ ತಿರುಗಿ ಹಾಡಿದ್ದಾರೆ."

ಮೇಡಂ ತಲೆಯಾಡಿಸಿದರು. "ನೋವಾಗಿದೆ ಅನ್ನೋದು ಎಷ್ಟೋ ಸಲ ಅವರಿಗೇ ಗೊತ್ತಾಗಿರಲ್ಲಪ್ಪ."

"ಪೂರ್ತಿ ವೀಡಿಯೋ ಹಾಕಲಾ ಮೇಡಂ?"

"ಬೇಡ. ಅದರಲ್ಲಿ ವಯಸ್ಸಾದವರ ಹಲ್ಲನ್ನೂ ಆಡಿಕೊಂಡಿದ್ದಾರೆ ಅಂತೀಯ. ಅದೂ ಇನ್ನೊಂದಾಗುತ್ತೆ. ಸೋಮವಾರದೊಳಗೆ ನಿಮ್ಮಜ್ಜಿ ಕ್ಷಮೆ ಕೇಳಿದ ಒಂದು ಸಣ್ಣ ವೀಡಿಯೋ ತಾ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನನಗೆ ಆಗ ಬೇಕಾಗಿದ್ದುದೂ ನನ್ನ ಒಳ್ಳೆಯದೇ. ಅಪ್ಪ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಹೊತ್ತು ನೋಡಿ ಅಜ್ಜಿಯನ್ನು ಜಗುಲಿಯಲ್ಲಿ ಕೂರಿಸಿದೆ. ಫೋನ್ ಎಂದ ಕೂಡಲೇ ಅವಳು ತಲೆ ಬಾಚಿಕೊಂಡು, ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ಬಂದಳು. ಪದ ಹಾಡಿಸುತ್ತಾನೆ ಎಂದುಕೊಂಡಿದ್ದಳು. ಒಂದು ಸಲ ಕೆಮ್ಮಿಯೂ ಬಿಟ್ಟಳು.

"ಪದ ಅಲ್ಲ ಅಜ್ಜಿ. ನಾನ್ ಏಳ್ದಂಗೆ ಏಳು. ನನ್ನ ಮಾತಿಂದ ನೋವಾಗಿದ್ರೆ ಕ್ಷಮೆ ಇರಲಿ."

"ಯಾರ್ಗ್ಲಾ ನೋವಾಗಿರದು? ಬೀಗಿತಿಗಾ?"

"ಅವ್ರಿಗಲ್ಲ. ಫೋನಲ್ಲಿ ನೋಡ್ದೋರ್ಗೆ."

"ಅವ್ರು ಊಟುಕ್ ಬಂದಿದ್ರಾ?"

"ಇಲ್ಲ."

"ಯಾವೂರು?"

"ಗೊತ್ತಿಲ್ಲ ಅಜ್ಜಿ. ಬ್ಯಾಗ ಏಳು, ಅಪ್ಪ ಬಂದ್ಬುಡ್ತರೆ."

ಅಜ್ಜಿ ಬಗ್ಗಿ ಫೋನಿನ ಹಿಂಬದಿ ನೋಡಿದಳು. "ಯಾರು ಏನು ಅಂತ ಗೊತ್ತಿಲ್ದೆ ಎಂಗ್ಲಾ ಎಲೆ ಕೊಡದು?"

ನಾನು ಅತ್ತೆ. ಅತ್ತದ್ದು ನಿಜ, ಇದರಲ್ಲಿ ಕಳೆಯಲು ಏನೂ ಇಲ್ಲ. ನನ್ನ ಕಣ್ಣೀರು ನೋಡಿ ಅಜ್ಜಿ ಕೈಮುಗಿದಳು. ನಾನು ಹೇಳಿಕೊಟ್ಟ ಮಾತನ್ನು ಅಕ್ಷರ ಬಿಡದೆ ಹೇಳಿದಳು. ಯಾವ ಹೆಂಗಸಿಗೆ ಕೈಮುಗಿಸಿಕೊಂಡೇ ಅಭ್ಯಾಸವಿತ್ತೋ ಅವಳು ಕೊಳ್ಳೇಗಾಲದ ಅಂಗಡಿಯಲ್ಲಿ ಕೊಂಡ ಒಂದು ಫೋನಿಗೆ ಕೈಮುಗಿದು ಕೂತಿದ್ದಳು. "ಅಪ್ಪಂಗ್ ಏಳ್ಬ್ಯಾಡ ಅಜ್ಜಿ" ಎಂದೆ. "ಇಲ್ಲ ಕೂಸೇ" ಎಂದಳು.

ಆ ವೀಡಿಯೋ ಸಮಿತಿಯ ವಾಟ್ಸಾಪ್ ಗುಂಪಿಗೆ ಹೋಯಿತು. ಶಹಬ್ಬಾಸ್ ಎಂದು ನಾಲ್ಕು ಹೆಬ್ಬೆರಳು ಬಂದವು. ಎರಡು ದಿನಕ್ಕೆ ಎಲ್ಲರೂ ಮರೆತರು. ಹೂವಿನ ಚಿತ್ರದವರು ಬೇರೆ ಯಾರ ಮೇಲೋ ನೊಂದುಕೊಳ್ಳಲು ಹೋದರು.

ಮರೆಯದವಳು ಅಜ್ಜಿ ಒಬ್ಬಳೇ. ಆಮೇಲೆ ಎರಡು ಮದುವೆಗಳಾದವು. ಗಂಟಲು ಸರಿಯಿಲ್ಲ ಎಂದು ಮೂಲೆಯಲ್ಲಿ ಕೂತಳು. ಅಪ್ಪ ಗಾಬರಿಯಾಗಿ ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಏನೂ ಕಾಣಿಸದೆ ಒಂದು ಕಹಿ ಔಷಧಿ ಬರೆದುಕೊಟ್ಟರು. ನನ್ನ ಗುಟ್ಟನ್ನು ಉಳಿಸಲು ಅಜ್ಜಿ ಅದನ್ನು ಎರಡು ಬಾಟಲಿ ಕುಡಿದಳು. ಇನ್ನೂ ಕೇಳಿ. ಅವಳು ಈಗ ಏನಾದರೂ ಹೇಳುವ ಮುಂಚೆ ಸುತ್ತ ನೋಡುತ್ತಾಳೆ. "ಫೋನ್ ಮಡಗಿದ್ದೀಯೇನ್ಲಾ?" ಎಂದು ಕೇಳುತ್ತಾಳೆ. ಮೊನ್ನೆ ಕಾಳು ತಿನ್ನಲು ಬಂದ ಕೋಳಿಯನ್ನು ಬೈಯುವ ಮುಂಚೆಯೂ ಕೇಳಿದಳು. ನಾನು ನಕ್ಕೆ, ನಕ್ಕ ಮೇಲೆ ಹೆದರಿಕೆಯಾಯಿತು. ನಮ್ಮ ಮನೆಯಲ್ಲಿ ಯಾರೋ ಕೂತು ಕೇಳಿಸಿಕೊಳ್ಳುತ್ತಿದ್ದಾರೆ, ಅವರಿಗೆ ಮುಖವಿಲ್ಲ, ಊರಿಲ್ಲ. ಅವರನ್ನು ಒಳಗೆ ಕರೆದವನು ನಾನು.

ನನ್ನನ್ನು ಹಳೇ ಕಾಲದವನು ಎಂದು ಗೆಳೆಯರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನನಗೆ ಅನ್ನಿಸುವುದಿಷ್ಟು: ಅಜ್ಜಿಯ ಕಟ್ಟಳೆ ಸಮಿತಿಯ ಪಟ್ಟಿಗಿಂತ ಬಿಗಿಯಾಗಿತ್ತು. ಆದರೆ ಅದಕ್ಕೊಂದು ಬಾಗಿಲಿತ್ತು. ಎಲೆ ಕೊಟ್ಟರೆ ಮುಗಿಯುತ್ತಿತ್ತು, ಮಾರನೆಯ ದಿನ ಎಲ್ಲರೂ ನೆಂಟರೇ. ಗೋಡೆಯ ಮೇಲಿನ ಪಟ್ಟಿಯಲ್ಲಿ ಎಲೆಯನ್ನು ಯಾರಿಗೆ ಕೊಡಬೇಕೆಂದು ಬರೆದಿಲ್ಲ. ತಪ್ಪು ಯಾವುದೆಂದು ಮಾತ್ರ ಇದೆ. ತಲೆತಲಾಂತರದಿಂದ ಬಂದ ಪದವನ್ನು ನಿಲ್ಲಿಸಲು ಅವರಿಗೆ ಮೂವತ್ತು ಸೆಕೆಂಡು ಸಾಕಾಯಿತು. ಆ ಮೂವತ್ತು ಸೆಕೆಂಡನ್ನು ಅಳೆದು ಕತ್ತರಿಸಿ ಕೊಟ್ಟವನು ಮಾತ್ರ ಇಲ್ಲೇ ಫ್ಯಾನಿನ ಕೆಳಗೆ ಕೂತಿದ್ದಾನೆ. ಔಷಧಿಗೆ ಗಂಟಲು ವಾಸಿಯಾಗಿದೆ, ನಾಳೆ ನಮ್ಮವ್ವ ಹಾಡೇ ಹಾಡ್ತಾಳೆ ಎಂದು ಅಪ್ಪ ಯಳಂದೂರಿನ ಬೀಗರಿಗೆ ಮಾತು ಕೊಟ್ಟು ಬಂದಿದ್ದಾರೆ. ಅಜ್ಜಿ ಹಾಡುವುದಿಲ್ಲ. ಅದು ನನಗೊಬ್ಬನಿಗೇ ಗೊತ್ತು. ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ಇದನ್ನು ಬರೆಯುತ್ತಾ

ಅಪ್ಪ ಬಂದರು. ಇಲ್ಲಿಂದ ಮುಂದಿನದು ಆಮೇಲೆ ಬರೆದದ್ದು.

"ಓದ್ಕತಾವ್ನೆ ಅಂದ್ಲು ನಿಮ್ಮವ್ವ. ಏನ್ಲಾ ಅದು? ತತ್ತಾ."

ಕೊಟ್ಟೆ. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟು ಓದುವವರು. ನಾನು ಆ ಬೆರಳನ್ನೇ ನೋಡುತ್ತಾ ನಿಂತೆ. ಪೇದೆ ಬಂಡಳ್ಳಿಗೆ ಹೋದ ಕಡೆಯೂ ನಗಲಿಲ್ಲ. ಔಷಧಿಯ ಸಾಲಿಗೆ ಬಂದಾಗ ಬೆರಳು ನಿಂತಿತು. ಕಪಾಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದೆ.

"ಡಾಕ್ಟ್ರತ್ರ ಕರ್ಕಂಡ್ ಓಗಿದ್ನಲ್ಲೋ, ಗಂಟ್ಲು ನೋಡ್ಸಕೆ" ಎಂದರು. ಅಷ್ಟೇ. ಬೈದಂತೆ ಇರಲಿಲ್ಲ.

ನನ್ನ ಫೋನನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ಒದ್ದೆ ಬಟ್ಟೆ ಬಿಚ್ಚಿ ಎರಡು ಎಲೆ ಆರಿಸಿ ನನ್ನ ಕೈಗಿಟ್ಟರು. "ಓಗು. ಯಾರ್ಗ್ ಕೊಡ್ಬೇಕು ಅಂತ ನಿಂಗ್ ಗೊತ್ತದಲ್ಲ."

ಅಜ್ಜಿ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿದ್ದೇ, "ಫೋನ್ ಮಡಗಿದ್ದೀಯೇನ್ಲಾ?"

"ಇಲ್ಲ ಅಜ್ಜಿ. ಅಪ್ಪನ ತಾವದೆ."

ಎಲೆ ಮುಂದೆ ಹಿಡಿದೆ. ಬೀಗಿತಿಯ ಪದವನ್ನೂ ಎಲೆಯನ್ನೂ ಕತ್ತರಿಸಿದ್ದು ನಾನೇ ಎಂದು ಹೇಳಿದೆ. ಬಸ್ಸಿನಲ್ಲಿ ಹನೂರಿನ ತನಕ ಮಾತಾಡುವ ಬಾಯಿ ಇಷ್ಟು ಹೇಳಲು ಮೂರು ಸಲ ತಡವರಿಸಿತು. ಅಜ್ಜಿ ಎಲೆ ಈಸಿಕೊಂಡಳು, ಮೂಸಿದಳು, ತೊಟ್ಟು ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಜೇಬಿನ ಕಡೆ ಒಮ್ಮೆ ನೋಡಿದಳು.

ಆಮೇಲೆ ನನ್ನನ್ನು, ತಲೆಯಿಂದ ಕಾಲಿನವರೆಗೆ.

ಒಂದು ಸಲ ಕೆಮ್ಮಿದಳು. ಅದು ಗಂಟಲು ನೋವಿನ ಕೆಮ್ಮಲ್ಲ. ಎರಡನೆಯ ಸಲ ಕೆಮ್ಮಿದಳು. ನಾನು ಕೈ ನೋಡಿಕೊಂಡೆ. ಇದ್ದ ಎರಡು ಎಲೆಯನ್ನೂ ಕೊಟ್ಟಾಗಿತ್ತು. ನಿಲ್ಲಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.