ಎರಡು ಸೈಕಲ್ಲು ಮತ್ತು ನಮ್ಮ ಮನೆಯವರು

ಐವತ್ತು ದಾಟಿದ ಮೇಲೆ ನನಗೊಂದು ಸೈಕಲ್ಲು ಬೇಕು ಅಂದಾಗ ನಮ್ಮ ಮನೆಯವರು ಮೊದಲು ಕೇಳಿದ್ದು, ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡೆಯಾ ಅಂತ. ತಗೊಂಡಿದ್ದೆ. ಹಾಗಾಗಿ ಅವರು ಬೇರೆ ಕಾರಣ ಹುಡುಕಬೇಕಾಯಿತು.

“ಈ ಗುಡ್ಡದಲ್ಲಿ ಜೀಪೇ ಏದುಸಿರು ಬಿಡ್ತೈತೆ, ನೀನು ಸೈಕಲ್ ತುಳೀತೀಯಾ? ಎಲ್ಲಿಗೆ ಹೋಗ್ಬೇಕು ಹೇಳು, ನಾನು ಬಿಟ್ಟು ಬತ್ತೀನಿ.”

ನನ್ನ ತಕರಾರು ಇದ್ದದ್ದೇ ಆ ಬಿಟ್ಟು ಬರುವುದರ ಮೇಲೆ. ವನಗೂರಿನ ಕಡೆ ನಮ್ಮ ಕಾಫಿ ತೋಟ. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯವರು ನನ್ನನ್ನು ಸಂತೆಗೆ ಬಿಟ್ಟಿದ್ದಾರೆ, ಮದುವೆ ಮನೆಗಳಿಗೆ ಬಿಟ್ಟಿದ್ದಾರೆ, ಹಲ್ಲಿನ ಡಾಕ್ಟರ ಹತ್ತಿರ ಬಿಟ್ಟಿದ್ದಾರೆ, ತವರಿಗೆ ಬಿಟ್ಟಿದ್ದಾರೆ. ಒಳ್ಳೆಯವರು, ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ. ಆದರೆ ನಾನೇ ಹೊರಟು, ನಾನೇ ಹೋಗಿ, ನಾನೇ ವಾಪಸ್ಸು ಬಂದೆ ಅನ್ನುವಂಥ ಜಾಗ ಒಂದೂ ಇರಲಿಲ್ಲ. ನನ್ನ ತವರು ಆಲೂರಿನ ಕಡೆ. ಅಲ್ಲಿ ಅಪ್ಪನ ಸೈಕಲ್ಲಿನ ಕಂಬಿಯ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತು, ಹೈಸ್ಕೂಲು ಮುಗಿಯುವ ತನಕ ಗದ್ದೆ ಬದಿಯ ರಸ್ತೆಯಲ್ಲಿ ಒಬ್ಬಳೇ ಓಡಾಡಿದವಳು ನಾನು. ಈಗ ನನಗೆ ಬೇಕಾಗಿದ್ದು ಬೆಳಗಿನ ಒಂದು ಗಂಟೆ, ತೋಟದ ಕಾಲುದಾರಿ, ಮತ್ತು ಪಕ್ಕದಲ್ಲಿ ಯಾರೂ ಇಲ್ಲದಿರುವುದು. ಇದನ್ನು ಗಂಡನಿಗೆ ನೇರವಾಗಿ ಹೇಳಿದರೆ ನೊಂದುಕೊಳ್ಳುತ್ತಾರೆ. ಅದಕ್ಕೆ ವ್ಯಾಯಾಮ ಅಂದೆ.

ವ್ಯಾಯಾಮ ಅಂದ ಮೇಲೆ ಅವರು ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಉತ್ಸಾಹ ಬಂದುಬಿಟ್ಟಿತು. ಕಾಫಿ ಕುಯ್ಲು ಮುಗಿದು ಕೈ ಖಾಲಿಯಿದ್ದ ದಿನಗಳು ಬೇರೆ. ಊಟ ಮುಗಿದ ಕೂಡಲೇ ಫೋನು ಹಿಡಿದು, ಯಾವುದೋ ದೇಶದ ಯುವಕರು ಬಂಡೆ ಮೇಲಿಂದ ಸೈಕಲ್ ಹಾರಿಸುವ ವಿಡಿಯೋ ನೋಡುವರು. ಎರಡು ದಿನದಲ್ಲಿ ಶಾಕ್ ಅಬ್ಸಾರ್ಬರು, ಗೇರು, ಡಿಸ್ಕ್ ಬ್ರೇಕು ಅಂತ ನನಗೇ ಪಾಠ ಹೇಳತೊಡಗಿದರು. ಸೈಕಲ್ಲು ಬೇಡ ಅಂದಿದ್ದವರೇ ಸಕಲೇಶಪುರಕ್ಕೆ ಜೀಪು ತೆಗೆದರು. ಅಂದರೆ ಸೈಕಲ್ ಅಂಗಡಿಗೂ ನನ್ನನ್ನು ಅವರೇ ಬಿಟ್ಟರು.

ಅಂಗಡಿಯವರನ್ನು ಎಲ್ಲರೂ ಭಾಯಿ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಅವರು ನನ್ನ ಮಾತು ಕೇಳಿ, ಕಾಲುದಾರಿ ಹೇಗಿದೆ, ಕಲ್ಲೆಷ್ಟು, ಮಣ್ಣೆಷ್ಟು ವಿಚಾರಿಸಿ, ಎರಡು ಸೈಕಲ್ಲು ಮುಂದೆ ತಂದು ನಿಲ್ಲಿಸಿದರು. ಎರಡೂ ಒಂದೇ ಜಾತಿ, ಹಾರ್ಡ್‌ಟೇಲ್ ಅನ್ನುತ್ತಾರಂತೆ. ಮುಂದಿನ ಚಕ್ರದ ಕುಲುಕಾಟಕ್ಕೆ ಶಾಕ್ ಅಬ್ಸಾರ್ಬರ್ ಇರುತ್ತದೆ. ಹಿಂದಿನದಕ್ಕೆ ಸವಾರರ ಸ್ವಂತ ಮೈಯೇ ಗತಿ. ಒಂದು ಬೂದು ಬಣ್ಣದ್ದು. ದಪ್ಪ ಟೈರು, ಉದ್ದನೆಯ ಶಾಕು, ಒಂದೇ ಬೆರಳಿಗೆ ನಿಲ್ಲುವ ಎಣ್ಣೆ ಬ್ರೇಕು. ಇನ್ನೊಂದು ಹಸಿರು. ಅದರ ಟೈರು ಸಪೂರ, ಶಾಕು ಗಿಡ್ಡ, ಬ್ರೇಕಿಗೆ ಕೇಬಲ್ಲು, ಗಟ್ಟಿಯಾಗಿ ಹಿಡಿದರೆ ಮಾತ್ರ ನಿಲ್ಲುತ್ತದೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಹಾಗಾಗಿ ಆ ನೆಪವೂ ಸಿಗಲಿಲ್ಲ.

ನಮ್ಮ ಕಡೆ ತೋಟದವರು ಅಂಗಡಿಯಲ್ಲಿ ನಿಂತು ಏನನ್ನೂ ಕೊಳ್ಳುವುದಿಲ್ಲ. ಔಷಧಿ ಹೊಡೆಯುವ ಮೆಷಿನ್ನಾಗಲಿ, ನೀರಿನ ಮೋಟಾರಾಗಲಿ, ಮನೆಗೆ ತಂದು ನಾಲ್ಕು ದಿನ ದುಡಿಸಿ, ನೂರೆಂಟು ಕೊಂಕು ತೆಗೆದು, ಆಮೇಲೆ ಕೊಳ್ಳುವುದು. ಭಾಯಿಗೆ ಅದು ಗೊತ್ತಿತ್ತು.

“ಎರಡೂ ಜೀಪಿಗೆ ಹಾಕ್ಬುಡ್ತೀನಿ ಅಕ್ಕ. ವಾರ ಓಡ್ಸಿ ನೋಡಿ, ಬ್ಯಾಡ ಅನ್ಸಿದ್ದು ವಾಪಸ್ ತನ್ನಿ,” ಅಂದರು. ನಮ್ಮ ಮನೆಯವರ ಕಡೆ ತಿರುಗಿ, “ಅಣ್ಣ, ಓಡ್ಸೋದು ಅಕ್ಕ, ನೀವಲ್ಲ,” ಅಂತಲೂ ಸೇರಿಸಿದರು. ಮನುಷ್ಯರನ್ನು ನೋಡಿ ಅಭ್ಯಾಸವಿದ್ದವರು.

ಕಾಫಿ ಒಣಗಿಸುವ ಕಣದ ಗೋಡೆಗೆ ಎರಡನ್ನೂ ಒರಗಿಸಿದ್ದಾಯಿತು. ಅತ್ತೆ ಊರುಗೋಲು ಹಿಡಿದು ಸುತ್ತ ಒಂದು ಸುತ್ತು ಬಂದರು.

“ಕ್ಯಾರಿಯರ್ ಎಲ್ಲವ್ವ?”

“ಇದಕ್ಕೆ ಬರಲ್ಲ ಅತ್ತೆ.”

“ಸ್ಟ್ಯಾಂಡು?”

“ಅದೂ ಇಲ್ಲ.”

“ಮಡ್‌ಗಾರ್ಡೂ ಕಾಣೆ. ಇನ್ನೂ ಮಾಡಿ ಮುಗ್ಸಿಲ್ವಾ ಇದನ್ನ? ಮುಗುದ್ಮೇಲೆ ತರಬೌದಿತ್ತು.” ಅಷ್ಟು ಹೇಳಿ ಒಳಗೆ ಹೋದರು. ಆ ವಾರವೆಲ್ಲ ಅವರ ಅಭಿಪ್ರಾಯದಲ್ಲಿ ಬದಲಾವಣೆಯೇನೂ ಆಗಲಿಲ್ಲ.

ಮೊದಲ ಬೆಳಿಗ್ಗೆ ಹಸಿರು ತೆಗೆದುಕೊಂಡೆ. ಆನೆ ಎಲ್ಲಿದೆ ಅಂತ ಫೋನಿನಲ್ಲಿ ಅರಣ್ಯ ಇಲಾಖೆಯ ಮೆಸೇಜು ನೋಡದೆ ನಮ್ಮಲ್ಲಿ ಯಾರೂ ಅಂಗಳ ಇಳಿಯುವುದಿಲ್ಲ. ನಮ್ಮ ಮನೆಯವರು ಅದನ್ನು ಎರಡೆರಡು ಸಲ ಓದಿದರು. ಆನೆಗಳು ಹೆಗ್ಗದ್ದೆಯ ಕಡೆ ಇದ್ದವು, ಪಾಪ, ನಮ್ಮ ವಿಷಯಕ್ಕೆ ಬರಲಿಲ್ಲ.

“ಆದ್ರೂ ನಾನು ಹಿಂದೆ ಬರ್ಲಾ? ಆನೆ ನಂಬಂಗಿಲ್ಲ.”

“ಬಂದ್ರೆ ನೀವೇನು ಅದರ ಜೊತೆ ಮಾತಾಡಿ ಕಳಿಸ್ತೀರಾ?” ಅಂದು ಪೆಡಲ್ ಮೇಲೆ ಕಾಲಿಟ್ಟೆ.

ಮನೆ ಹಿಂದಿನಿಂದ ಕಾಲುದಾರಿ ಸಿಲ್ವರ್ ಓಕ್ ಮರಗಳ ಕೆಳಗೆ ಹಳ್ಳಕ್ಕೆ ಇಳಿದು, ಮತ್ತೆ ಏರಿ, ನಮ್ಮ ಬೇಲಿಯ ಕೊನೆಗೆ ಹೋಗುತ್ತದೆ. ಇಳಿಜಾರಿನಲ್ಲಿ ಹಸಿರು ಸೈಕಲ್ಲು ನನ್ನನ್ನು ಚೆನ್ನಾಗಿ ಕುಲುಕಿಸಿತು. ಕಲ್ಲು ಸಿಕ್ಕಿದಾಗ ಹಲ್ಲು ಹಲ್ಲು ತಾಗಿತು. ಬ್ರೇಕು ಹಿಡಿದು ಹಿಡಿದು ಬೆರಳು ನೋಯಿತು. ಏರಿನಲ್ಲಿ ಅರ್ಧ ತುಳಿದೆ, ಅರ್ಧ ಇಳಿದು ತಳ್ಳಿದೆ. ಬೇಲಿಯ ಕೊನೆಗೆ ತಡಮೆ ಇದೆ. ದನ ನುಗ್ಗದ ಹಾಗೆ, ಮನುಷ್ಯರು ಮಾತ್ರ ಕಾಲೆತ್ತಿ ದಾಟುವ ಹಾಗೆ ಅಡ್ಡಗೋಲು ಕಟ್ಟಿ ಬಿಟ್ಟ ಸಂದು ಅದು. ಸೈಕಲ್ಲು ಉರುಳಿಸಿಕೊಂಡು ಹೋಗಲಿಕ್ಕೆ ಆಗುವುದಿಲ್ಲ, ಎತ್ತಿ ಆಚೆ ಇಡಬೇಕು. ಎತ್ತಿದೆ. ಕುಕ್ಕರಿನಷ್ಟು ಹಗುರ ಅಂತ ಹೇಳಲಾರೆ, ಆದರೆ ಎತ್ತಿದೆ, ಇಟ್ಟೆ, ನಾನೂ ದಾಟಿದೆ.

ಆಚೆಗೆ ಬ್ಯಾಣ, ಬರೀ ಹುಲ್ಲಿನ ಗುಡ್ಡ. ಅದರ ನೆತ್ತಿಯಲ್ಲಿ ಕೂತರೆ ಘಟ್ಟದ ಸಾಲು ಕಾಣುತ್ತದೆ. ಅಲ್ಲಿಗೆ ನಾನು ಎಷ್ಟೋ ಸಲ ಬಂದಿದ್ದೇನೆ, ನೆಂಟರಿಗೆ ತೋರಿಸಲಿಕ್ಕೆ, ಸುತ್ತುಬಳಸಿನ ರಸ್ತೆಯಲ್ಲಿ ಜೀಪು ತುಂಬ ಜನ, ಚುರುಮುರಿ ಡಬ್ಬಿ ಸಮೇತ. ಒಬ್ಬಳೇ ಬಂದಿರಲಿಲ್ಲ. ಯಾರಿಗೂ ಏನೂ ತೋರಿಸಬೇಕಾಗಿರಲಿಲ್ಲ. ಸುಮ್ಮನೆ ಕೂತೆ. ತುಂಬಾ ಖುಷಿಯಾಯಿತು, ಯಾರ ಹತ್ತಿರವೂ ಹೇಳಿಕೊಳ್ಳಬೇಕು ಅನ್ನಿಸದಂಥ ಖುಷಿ.

ವಾಪಸ್ಸು ಬಂದಾಗ ನಮ್ಮ ಮನೆಯವರು ಕಣದ ಮೂಲೆಯಲ್ಲಿ ನಿಂತು, ಬರೀ ಸಿಮೆಂಟು ನೆಲವನ್ನು ಪರೀಕ್ಷೆ ಮಾಡುತ್ತಿದ್ದರು.

ಮಾರನೆಯ ದಿನ ಬೂದು. ನಿಜ ಹೇಳಬೇಕು, ಅದು ರಾಣಿಯ ಸವಾರಿ. ದಪ್ಪ ಟೈರು ಕಲ್ಲನ್ನೆಲ್ಲ ನುಂಗಿಕೊಂಡಿತು, ಬ್ರೇಕು ಮುಟ್ಟಿದರೆ ಸಾಕು, ಹಳ್ಳದ ತನಕ ಒಂದು ಸಲವೂ ಜೀವ ಬಾಯಿಗೆ ಬರಲಿಲ್ಲ. ಏರಿನಲ್ಲಿ ತಳ್ಳುವಾಗ ಮಾತ್ರ ಮೊಂಡು ಎಮ್ಮೆಯ ಹಾಗೆ ಹಿಂದಕ್ಕೆ ಜಗ್ಗಿತು. ತಡಮೆಯ ಹತ್ತಿರ ಎತ್ತಲು ನೋಡಿದೆ. ಮುಂದಿನ ಚಕ್ರ ಎದ್ದಿತು, ಹಿಂದಿನದು ನೆಲ ಬಿಡಲಿಲ್ಲ. ಹಿಂದಿನದು ಎತ್ತಿದರೆ ಹ್ಯಾಂಡಲ್ಲು ತಿರುಗಿ ಹೊಟ್ಟೆಗೆ ತಿವಿಯಿತು.

“ತಡಿ ತಡಿ, ಅಂಗಲ್ಲ,” ಅನ್ನುವ ದನಿ ಬಂತು. ಕಾಫಿ ಗಿಡದ ಸಾಲಿನಿಂದ ನಮ್ಮ ಮನೆಯವರು.

“ನೀವೇನ್ರೀ ಇಲ್ಲಿ?”

“ಮೆಣಸಿನ ಬಳ್ಳಿ ನೋಡ್ತಿದ್ದೆ.”

ಆ ಸಾಲಿನಲ್ಲಿ ಮೆಣಸಿನ ಬಳ್ಳಿ ಇಲ್ಲ. ಒಂದೂ ಇಲ್ಲ. ಅವರು ಬೂದು ಸೈಕಲ್ಲನ್ನು ಹೆಗಲಿಗೇರಿಸಿ, ಮದುಮಗನ ಗತ್ತಿನಲ್ಲಿ ತಡಮೆ ದಾಟಿಸಿದರು. ದಾಟಿಸಿದವರನ್ನು ವಾಪಸ್ಸು ಹೋಗಿ ಅನ್ನಲಾಗುತ್ತದೆಯೇ. ನೆತ್ತಿಯ ತನಕ ಜೊತೆಗೆ ಬಂದರು. ಕೂತ ಮೇಲೆ ಒಂದಿಷ್ಟು ಮಾತಾಡಿದರು. ಅವರ ಅಪ್ಪ ಈ ಹುಲ್ಲಿನಲ್ಲಿ ದನ ಮೇಯಿಸಿಕೊಂಡು ಹಾಡು ಹೇಳುತ್ತಿದ್ದದ್ದು, ಊರಿನ ಯಾರಿಗೂ ಆ ಹಾಡು ಇಷ್ಟವಿರದಿದ್ದದ್ದು. ಇಷ್ಟು ವರ್ಷದಲ್ಲಿ ನಾನು ಕೇಳಿರದ ಸಂಗತಿ. ಜೀಪಿನಲ್ಲಿ ನಾವು ಮಾತಾಡುವುದೇ ಕಡಿಮೆ, ಎಂಜಿನ್ನಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ನನಗೆ ಆ ದಿನವೂ ಹಿತವಾಯಿತು. ಒಬ್ಬಳೇ ಇರಬೇಕು ಅಂತ ಬಂದವಳಿಗೆ ಹಿತವಾಗಿದ್ದು ನೋಡಿ ನನಗೇ ಸ್ವಲ್ಪ ಸಿಟ್ಟೂ ಬಂತು.

ಅಲ್ಲಿಂದ ಶುರುವಾಯಿತು ಬೂದಿನ ಪ್ರಚಾರ. ತಿಂಡಿ ತಿನ್ನುವಾಗ, ಊಟಕ್ಕೆ ಕೂತಾಗ, ಹಲ್ಲುಜ್ಜುವಾಗಲೂ.

“ಭಾರ ಇದ್ರೇನೆ ಕಣೇ ನೆಲ ಹಿಡಿಯೋದು. ಜೀಪೇ ನೋಡು.”

“ನಾನು ಜೀಪಲ್ಲ.”

“ಬ್ರೇಕು ಮುಖ್ಯ. ನಿನ್ನ ಬಿ.ಪಿ.ಗೆ ಎಣ್ಣೆ ಬ್ರೇಕೇ ಸರಿ.”

“ಬಿ.ಪಿ.ಗೆ ಎಣ್ಣೆ ಕಡಿಮೆ ಮಾಡಿ ಅಂದಿದಾರೆ ಡಾಕ್ಟ್ರು.”

“ತಮಾಷೆ ಅಲ್ಲ. ಟೈರು ನೋಡು, ಮಳೆಗಾಲ ಬಂದ್ರೆ ಆ ಹಸಿರಿಂದು ಜಾರ್ಬುಡ್ತೈತೆ.”

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೂದು ಸೈಕಲ್ಲೇ ಮೆತ್ತಗೆ, ಬೂದು ಸೈಕಲ್ಲೇ ಕ್ಷೇಮ, ಕೆಂಪು ಮಣ್ಣಿನ ಜಾರಿಗೆ ಬೂದೇ ಸರಿ. ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ನಾನೂ ಮುಕ್ಕಾಲು ಪಾಲು ಒಪ್ಪಿಕೊಂಡಿದ್ದೆ. ಕೊನೆಯದಾಗಿ ಒಂದು ಸಲ ಅಂತ, ಮತ್ತೆ ಹಸಿರು ತೆಗೆದುಕೊಂಡು ಹೋದೆ.

ಈ ಸಲ ಅವರು ಬಳ್ಳಿಯ ನೆಪವನ್ನೂ ಇಟ್ಟುಕೊಂಡಿರಲಿಲ್ಲ. ನನಗಿಂತ ಮುಂಚೆ ಹೋಗಿ ತಡಮೆಯ ಅಡ್ಡಗೋಲಿನ ಮೇಲೇ ಕೂತಿದ್ದರು. ನಾನು ಬಂದದ್ದು ನೋಡಿ ಎದ್ದು, ಪಂಚೆ ಎತ್ತಿ ಕಟ್ಟಿ, ತೋಳು ಸರಿಮಾಡಿಕೊಂಡರು. ಅವರ ಕೈ ಮುಟ್ಟುವುದರೊಳಗೆ ನಾನು ಸೈಕಲ್ಲು ಎತ್ತಿ ಆಚೆ ಇಟ್ಟಾಗಿತ್ತು. ಬೇಕೆಂದು ಮಾಡಿದ್ದಲ್ಲ, ಮೊದಲ ದಿನ ಎತ್ತಿದ್ದ ನೆನಪಿಗೆ ಕೈ ಅದರ ಪಾಡಿಗೆ ಎತ್ತಿತ್ತು.

ನಮ್ಮ ಮನೆಯವರ ಎರಡು ಕೈಯೂ ಹಾಗೇ ಮುಂದಕ್ಕೆ ಚಾಚಿಕೊಂಡಿದ್ದವು. ಆಮೇಲೆ ಮೆಲ್ಲಗೆ ಇಳಿದವು.

“ಓ, ನೀನೇ ಎತ್ಬುಟ್ಟೆ,” ಅಂದರು.

ಆ ಮುಖ ನೋಡಿದಾಗ ನನಗೆ ಅರ್ಥವಾಯಿತು. ಟೈರೂ ಅಲ್ಲ, ಬ್ರೇಕೂ ಅಲ್ಲ. ಬೂದು ಸೈಕಲ್ಲನ್ನು ಎತ್ತಲಿಕ್ಕೆ ದಿನಾ ಒಬ್ಬರು ಬೇಕು. ಆ ಒಬ್ಬರು ತಾವಾಗಬೇಕು ಅಂತ ಅವರು ನಾಲ್ಕು ದಿನದಿಂದ ಶಾಕ್ ಅಬ್ಸಾರ್ಬರಿನ ಭಾಷೆಯಲ್ಲಿ ಹೇಳುತ್ತಿದ್ದಾರೆ. ನಗು ಬಂತು. ಬೂದು ತಗೊಂಡರೆ ಈ ಮನುಷ್ಯ ಸಂತೋಷವಾಗಿ ಇರುತ್ತಾರೆ. ನನ್ನ ಒಂದು ಗಂಟೆ ಮಾತ್ರ ಇರುವುದಿಲ್ಲ. ಎಲ್ಲಿಗೆ ಹೋದರೂ ತಡಮೆಯ ಹತ್ತಿರ ಕೂತು, ಅವರು ಬರಲಿ ಅಂತ ಕಾಯಬೇಕು.

ವಾರ ಮುಗಿದ ಮೇಲೆ ಎರಡನ್ನೂ ಜೀಪಿಗೆ ಹಾಕಿ ಸಕಲೇಶಪುರಕ್ಕೆ ಹೋದೆವು. ಭಾಯಿ ಯಾವುದು ಅಂತ ನನ್ನನ್ನು ಕೇಳಿದರು. ನಮ್ಮ ಮನೆಯವರು ಉತ್ತರ ಶುರು ಮಾಡಿದರು, ಭಾರ, ನೆಲ, ಟೈರು, ಮಳೆಗಾಲ. ಭಾಯಿ ಅಷ್ಟೂ ಕೇಳಿಸಿಕೊಂಡು, ಮತ್ತೆ ನನ್ನ ಮುಖವನ್ನೇ ನೋಡಿದರು.

“ಹಸಿರು,” ಅಂದೆ.

“ಅಣ್ಣ ಹೇಳೋದೂ ಸರಿ ಐತೆ ಅಕ್ಕ. ಬೂದು ಗಟ್ಟಿ ಮಾಲು.”

“ಗೊತ್ತು. ಆದ್ರೆ ಹಸಿರನ್ನ ನಾನೇ ಎತ್ತುತೀನಿ.”

ನಮ್ಮ ಮನೆಯವರು ಬೂದು ಸೈಕಲ್ಲನ್ನು ತಾವೇ ಜೀಪಿನಿಂದ ಇಳಿಸಿ, ಅಂಗಡಿಯೊಳಗೆ ಒಯ್ದು, ಸೀಟಿನ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿ ಬಂದರು. ವಾಪಸ್ಸು ಬರುವಾಗ ನಾನು ಗೆದ್ದವಳ ಹಾಗೆ ಕೂತಿರಬೇಕಿತ್ತು, ಆಗಲಿಲ್ಲ. ಅವರಿಗೆ ಬೇಜಾರು ಮಾಡಿದ್ದು ನನಗೂ ಬೇಜಾರೇ ಆಗಿತ್ತು.

ವನಗೂರಿನ ಏರು ಶುರುವಾಗುವಲ್ಲಿ ಅವರು ಜೀಪನ್ನು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಏನಾದರೂ ಕೆಟ್ಟಿತೇನೋ ಅಂದುಕೊಂಡೆ. ಸ್ಟೀರಿಂಗಿನ ಮೇಲೆ ಕೈಯಿಟ್ಟು, ಎದುರಿನ ಗಾಜು ನೋಡುತ್ತಾ ಕೇಳಿದರು.

“ನಾನೂ ಬರ್ಬೋದಾ ಆ ಗುಡ್ಡಕ್ಕೆ?”

“ಎತ್ತೋಕೆ ಏನೂ ಇಲ್ವಲ್ರೀ ಈಗ.”

“ಎತ್ತೋಕಲ್ಲ ಕಣೇ. ಸುಮ್ನೆ. ನಿನ್ ಜೊತೆ ಕೂತ್ಕೊಳಾಕೆ.”

ಮದುವೆಯಾಗಿ ಇಷ್ಟು ಕಾಲದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಕೆಲಸದ ನೆಪವಿಲ್ಲದೆ ಅವರು ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ದಿನಾ ಬನ್ನಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡೆ.

“ಭಾನುವಾರ ಬನ್ನಿ,” ಅಂದೆ. “ಮಿಕ್ಕ ದಿನ ನಾನೊಬ್ಬಳೇ ಹೋಗ್ತೀನಿ. ನನಗೆ ಹಂಗೇ ಬೇಕು.”

ಅವರು ಜೀಪು ಸ್ಟಾರ್ಟ್ ಮಾಡಿ, ಗೇರು ಹಾಕಿದರು. ಎಂಜಿನ್ನಿನ ಸದ್ದು ಮೀರಿಸಿ ಕೂಗಿ ಹೇಳಿದರು, “ಹಂಗಾದ್ರೆ ನಾಡಿದ್ದೇ ಭಾನುವಾರ.”